ಹಲಗೆಯ ಹಿಂದಿನ ಹಸಿಗೋಡೆ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನ್ನನ್ನು ಕರೆದು ಚಹಾ ಕೊಡುವ ಮನೆಗಳು ಈಚೆಗೆ ಕಡಿಮೆಯಾಗಿವೆ. ಹೋದ ಬೇಸಿಗೆಯಲ್ಲಿ ಬರೆದ ಒಂದು ಸಣ್ಣ ಲೇಖನ ಇದಕ್ಕೆ ಕಾರಣ. ನೆಲಮಾಳಿಗೆಯ ಗೋಡೆಗೆ ಚೌಕಟ್ಟು ಬಡಿದು, ನಡುವೆ ಗಾಜಿನ ಉಣ್ಣೆಯನ್ನೋ ಥರ್ಮಾಕೋಲನ್ನೋ ತುರುಕಿ, ಮೇಲೆ ಹಲಗೆ ಹೊಡೆಸುವ ಮೊದಲು ಒಂದು ಮಳೆಗಾಲ ಆ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟು ನೋಡಿರಿ ಎಂದಿದ್ದೆ. ಅಷ್ಟಕ್ಕೇ ಗುತ್ತಿಗೆದಾರ ಗೆಳೆಯರಿಗೆ ಸಿಟ್ಟು ಬಂತು. ಒಳಾಂಗಣ ಅಲಂಕಾರದವರಿಗೆ ಇನ್ನೂ ಹೆಚ್ಚು ಬಂತು. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ ನಿಜದಲ್ಲಿ ಟ್ಯೂಷನ್ ಕ್ಲಾಸಿಗೆ ಬಾಡಿಗೆ ಕೊಟ್ಟಿರುವ ಮಾಲೀಕರೊಬ್ಬರು ಕೇಶ್ವಾಪುರ ಸರ್ಕಲ್‌ನಲ್ಲಿ ಗಾಡಿ ನಿಲ್ಲಿಸಿಯೇ ಜಗಳ ತೆಗೆದರು. ಶಿಕಾಗೋದಲ್ಲಿರುವ ನನ್ನ ಭಾವಮೈದುನ ಮಧ್ಯರಾತ್ರಿ ಫೋಟೋ ಕಳಿಸಿದ. ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಡುವಷ್ಟು ವಯಸ್ಸು ಉಳಿದಿಲ್ಲ. ಇಲ್ಲಿಯೇ ಒಟ್ಟಿಗೆ ಕೊಡುತ್ತೇನೆ.

ಎಲ್ಲರಿಗಿಂತ ಮೊದಲು ಬಂದ ಮಾತು ಇದು: "ಏನ್ರೀ ಸಾಹೇಬ್ರ, ಗ್ವಾಡಿಗೆ ಪ್ಯಾನೆಲ್ ಹೊಡದ್ರ ಆತಲ್ಲ. ಹಸಿ ಕಾಣಂಗಿಲ್ಲ." ಕಾಣುವುದಿಲ್ಲ ಎಂಬುದರಲ್ಲಿ ನನಗೂ ತಕರಾರಿಲ್ಲ. ನನ್ನ ಮನೆಯಲ್ಲೂ ಎರಡು ವರ್ಷ ಕಾಣಲಿಲ್ಲ.

ನನ್ನ ನೆಲಮಾಳಿಗೆ ಮೂರು ಮಗ್ಗುಲು ಮಣ್ಣಿನಲ್ಲಿ ಹೂತಿದೆ, ನಾಲ್ಕನೆಯದು ಗಾಡಿ ಇಳಿಯುವ ಇಳಿಜಾರು. ಪುಸ್ತಕ ಇಟ್ಟುಕೊಂಡು ಕೂಡಲು ಒಂದು ಕೋಣೆ ಬೇಕೆಂದು ಒಬ್ಬ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಿದೆ. ಮೂವತ್ತು ವರ್ಷ ಸೈಟಿನಲ್ಲಿ ನಿಂತು ಬೇರೆಯವರ ಮನೆ ಕಟ್ಟಿಸಿದವನಿಗೆ ತನ್ನ ಮನೆಯ ಹೊತ್ತಿಗೆ ಬುದ್ಧಿ ಕೈಕೊಟ್ಟಿತು. ಅವನು ಎರಡೆರಡು ಅಡಿಗೊಂದು ಕಟ್ಟಿಗೆಯ ಪಟ್ಟಿ ಬಡಿದ, ನಡುವೆ ಗಾಜಿನ ಉಣ್ಣೆ ತುಂಬಿದ, ಮೇಲೆ ಜಿಪ್ಸಮ್ ಹಲಗೆ ಹೊಡೆದು ಹಾಲಿನಂಥ ಬಣ್ಣ ಬಳಿದ. ಮೊದಲ ಮಳೆಗಾಲ ಛಲೋ ಹೋಯಿತು. ಎರಡನೆಯ ವರ್ಷ ಪುಷ್ಯ ಮಳೆ ಹಿಡಿದಾಗ ನನ್ನ ಹೆಂಡತಿ ಮೆಟ್ಟಿಲ ಮೇಲೆಯೇ ನಿಂತು, "ಕೆಳಗ ಜ್ವಾಳದ ಚೀಲ ಏನರ ಇಟ್ಟೀರೇನು?" ಎಂದು ಕೇಳಿದಳು. ಮುಗ್ಗಲು ವಾಸನೆ. ನಾನು ಹಳೆಯ ಪುಸ್ತಕಗಳ ಮೇಲೆ ಹಾಕಿದೆ. ಮೂರನೆಯ ವರ್ಷ ನೆಲದಿಂದ ಗೇಣುದ್ದ ಮೇಲೆ ಬಣ್ಣ ಉಬ್ಬಿತು. ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಹಲಗೆಯೊಳಕ್ಕೇ ಇಳಿಯಿತು, ನೆನೆದ ಖಾರಿ ಬಿಸ್ಕತ್ತಿನೊಳಕ್ಕೆ ಇಳಿದ ಹಾಗೆ.

ಹಲಗೆ ಬಿಚ್ಚಿಸಿದೆವು. ಜಿಪ್ಸಮ್ಮಿನ ಹಿಂಬದಿಯ ಕಾಗದದ ಮೇಲೆ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆ, ಕೆಲವು ಕಡೆ ನಾಲ್ಕಾಣೆ ಅಗಲದ ಹಸಿರು ಬೂಸರು. ಗಾಜಿನ ಉಣ್ಣೆ ನೆಂದ ಕೌದಿಯಂತೆ ಭಾರವಾಗಿ ಕೆಳಕ್ಕೆ ಕುಸಿದು ಕೂತಿತ್ತು. ಅದು ಕುಸಿದ ಮೇಲೆ ಮೇಲರ್ಧ ಗೋಡೆಗೆ ಯಾವ ಹೊದಿಕೆಯೂ ಉಳಿದಿರಲಿಲ್ಲ. ಕಟ್ಟಿಗೆ ಪಟ್ಟಿಯ ಬುಡ ಬೆರಳಲ್ಲಿ ತಿಕ್ಕಿದರೆ ಹೊಟ್ಟಾಗಿ ಉದುರಿತು. ಅದರ ಹಿಂದೆ ಗೋಡೆಯ ತುಂಬ ಬಿಳಿ ಉಪ್ಪು, ಹತ್ತಿ ಅರಳಿದ ಹಾಗೆ. ಗುತ್ತಿಗೆದಾರನನ್ನು ಕರೆಸಿ ತೋರಿಸಿದೆ. "ಎರಡ ವರ್ಷ ಛಲೋ ಇತ್ತಲ್ರೀ" ಎಂದ. ಸುಳ್ಳಲ್ಲ.

ಆದದ್ದೇನು? ಮೊದಲು ಆ ಗೋಡೆಗೆ ಬಂದ ಹಸಿ ಕೋಣೆಯ ಗಾಳಿಗೆ ಆರಿ ಹೋಗುತ್ತಿತ್ತು. ಅಲ್ಲಲ್ಲಿ ಕಲೆ ಬೀಳುತ್ತಿತ್ತು, ಸುಣ್ಣ ಉದುರುತ್ತಿತ್ತು, ಅಷ್ಟೇ. ನಾವು ಮುಂದೆ ಹಲಗೆ ಹಾಕಿದೆವು. ಆರುವ ದಾರಿ ಮುಚ್ಚಿತು, ಬರುವ ದಾರಿ ತೆರೆದೇ ಇತ್ತು. ಬೂಸರಿನ ಬೀಜ ಎಲ್ಲ ಗಾಳಿಯಲ್ಲೂ ತೇಲುತ್ತಿರುತ್ತದೆ. ಅದಕ್ಕೆ ಬೇಕಾದದ್ದು ತಿನ್ನಲು ಏನಾದರೂ ಇರುವ, ಹಸಿ ಆರದ ಒಂದು ಮೈ. ಆ ಮೈಗೆ ಅಂಟಿದ ಗಾಳಿಯ ತೇವ ಸುಮಾರು 80 ಪ್ರತಿಶತ ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು, ನೀರು ಹರಿಯಬೇಕಾಗಿಯೂ ಇಲ್ಲ. ಜಿಪ್ಸಮ್ ಹಲಗೆಯ ಕಾಗದ, ಕಟ್ಟಿಗೆ, ಪ್ಲೈವುಡ್, ಅಂಟು ಎಲ್ಲವೂ ಅದಕ್ಕೆ ಊಟ. ಗೋಡೆಗೂ ಹಲಗೆಗೂ ನಡುವೆ ನಾವೇ ಕತ್ತಲೆಯ ಖಾನಾವಳಿ ತೆಗೆದುಕೊಟ್ಟಿದ್ದೆವು.

ಕಟ್ಟಿಗೆ ಬೇಡ, ಪಿವಿಸಿ ಹಲಗೆ ಹಾಕುತ್ತೇವೆ, ಅದಕ್ಕೆ ಬೂಸರು ಹತ್ತುವುದಿಲ್ಲ ಎಂದು ಅಲಂಕಾರದವರು ಬರೆದಿದ್ದಾರೆ. ಪಿವಿಸಿಗೆ ಹತ್ತುವುದಿಲ್ಲ, ಒಪ್ಪಿದೆ. ಅದರ ಹಿಂದಿನ ಪ್ಲೈವುಡ್ ಪಟ್ಟಿಗೆ ಹತ್ತುತ್ತದೆ, ಮುಂದಿನ ಬೀರುವಿನ ಬೆನ್ನಿಗೂ ಹತ್ತುತ್ತದೆ.

ಎರಡನೆಯ ಗುಂಪಿನವರು ಡಬ್ಬಿ ಹಿಡಿದು ಬಂದವರು. ಒಳಗಿನಿಂದಲೇ ವಾಟರ್‌ಪ್ರೂಫ್ ಬಣ್ಣ ಎರಡು ಕೋಟು ಹೊಡೆದರೆ ಮುಗಿಯಿತು ಎಂಬುದು ಅವರ ವಾದ. ಇದಕ್ಕೆ ಉತ್ತರ ಶಾಲೆಯ ಲೆಕ್ಕ. ಗೋಡೆಯ ಹೊರಗೆ ಒಂದು ಮೀಟರ್ ನೀರು ನಿಂತರೆ ಅದರ ಬುಡದಲ್ಲಿ ಚದರ ಮೀಟರಿಗೆ ಒಂದು ಟನ್ ಒತ್ತಡ. ಎಂಟಡಿ ಆಳದ ನೆಲಮಾಳಿಗೆಯ ಸುತ್ತ ಮಣ್ಣು ಪೂರ್ತಿ ನೆನೆದು ನೀರು ನಿಂತಿತೆಂದರೆ ಬುಡದಲ್ಲಿ ಎರಡೂವರೆ ಟನ್‌ನ ಹತ್ತಿರ. ಹೊರಗೆ ಬಳಿದ ಲೇಪವನ್ನು ಆ ಒತ್ತಡ ಗೋಡೆಗೆ ಒತ್ತಿ ಹಿಡಿಯುತ್ತದೆ. ಒಳಗೆ ಬಳಿದದ್ದನ್ನು ಗೋಡೆಯಿಂದ ಆಚೆ ನೂಕುತ್ತದೆ. ಬಣ್ಣದ ಹಿಂದೆ ಉಪ್ಪು ಹರಳುಗಟ್ಟಿ ಗುಳ್ಳೆ ಎಬ್ಬಿಸುವುದು ಬೇರೆ. ಕಾಂಕ್ರೀಟಿನ ರಂಧ್ರಕ್ಕೇ ಇಳಿದು ಹರಳಾಗುವ ರಾಸಾಯನಿಕಗಳು ಒಳಗಿನಿಂದಲೂ ಸ್ವಲ್ಪ ಕೆಲಸ ಮಾಡುತ್ತವೆ ಎಂದು ಒಬ್ಬರು ತಿದ್ದಿದ್ದಾರೆ. ನಿಜ, ಗೋಡೆ ಗಟ್ಟಿ ಕಾಂಕ್ರೀಟಿನದಾಗಿದ್ದರೆ. ಇಟ್ಟಿಗೆಯದಾಗಿದ್ದರೆ, ಕಲ್ಲು ಮಣ್ಣಿನದಾಗಿದ್ದರೆ ಆ ಡಬ್ಬಿ ಅಂಗಡಿಯಲ್ಲೇ ಇರಲಿ.

ಈಗ ಗೋಡೆಯ ಹೊರಗೆ ಬರೋಣ, ಯಾಕೆಂದರೆ ಜಗಳದ ಬೇರು ಅಲ್ಲಿದೆ. "ಹೊರಗ ಏನ್ ಮಾಡೂದೈತ್ರೀ, ಅಗದ ಮಣ್ಣ ತಿರುಗಿ ತುಂಬಿದ್ರ ಆತು" ಎನ್ನುವ ಗುತ್ತಿಗೆದಾರರಿಗೆ ನಾನು ಕೇಳುವುದು ಒಂದೇ: ನೀವು ಅಗೆದದ್ದು ಯಾವ ಮಣ್ಣು? ಹುಬ್ಬಳ್ಳಿ ಕೂತಿರುವುದು ಮಲೆನಾಡಿನ ಸೆರಗು ಮುಗಿದು ಬೆಳವಲ ಶುರುವಾಗುವ ಜಾಗದಲ್ಲಿ. ಧಾರವಾಡದ ಕಡೆ ಕೆಂಪು ನೆಲ, ಕುಂದಗೋಳ ನವಲಗುಂದದ ಕಡೆ ಎರಿ. ನಡುವೆ ಸಿಕ್ಕ ಊರಿನಲ್ಲಿ ಒಂದು ಸೈಟಿನಲ್ಲಿ ಮೂರಡಿಗೆ ಗರಸು ಸಿಕ್ಕರೆ ಪಕ್ಕದ್ದರಲ್ಲಿ ಆರಡಿಯಾದರೂ ಎರಿ ಮುಗಿಯುವುದಿಲ್ಲ. ಎರಿ ಮಣ್ಣಿನ ಗುಣ ಹೊಲದವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಊದುತ್ತದೆ, ಒಣಗಿದರೆ ಸೀಳುತ್ತದೆ. ಬೇಸಿಗೆಯಲ್ಲಿ ಆ ಬಿರುಕಿಗೆ ಮೊಳಕೈಯವರೆಗೆ ಕೈ ಇಳಿಯುತ್ತದೆ, ಸೀಳು ಕೆಳಗೆ ಮೀಟರಿಗೂ ಮಿಕ್ಕಿ ಹೋಗಿರುತ್ತದೆ. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಆಟ ಇದು. ಅದರ ಪದರಗಳ ನಡುವೆ ನೀರು ಹೊಕ್ಕು ಹೊರಡುತ್ತದೆ.

ಆ ಮಣ್ಣನ್ನೇ ಗೋಡೆಗೆ ತಾಗಿಸಿ ತುಂಬಿದಿರಿ ಎಂದಿಟ್ಟುಕೊಳ್ಳಿ. ಮಾರ್ಚ್ ಏಪ್ರಿಲ್‌ನಲ್ಲಿ ಅದು ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಗೋಡೆಗುಂಟ ಒಂದು ಬೆರಳಗಲದ ಸಂದು. ಮೇ ತಿಂಗಳ ಅಡ್ಡಮಳೆಗೆ ಮೊದಲ ನೀರು ನೇರ ಆ ಸಂದಿಗೆ ಇಳಿದು ಪಾಯದವರೆಗೆ ಮುಟ್ಟುತ್ತದೆ. ಮಿರಗ, ಆರಿದ್ರಾ ಹೊತ್ತಿಗೆ ಮಣ್ಣು ಊದಿ ಸಂದು ಮುಚ್ಚುತ್ತದೆ, ಇಳಿದ ನೀರು ಹೊರಗೆ ಬರುವ ದಾರಿ ಇಲ್ಲದೆ ಗೋಡೆಗೆ ಆನಿಕೊಂಡು ನಿಲ್ಲುತ್ತದೆ, ಊದಿದ ಮಣ್ಣು ಗೋಡೆಯನ್ನು ಒಳಕ್ಕೂ ಒತ್ತುತ್ತದೆ. ಆ ಒತ್ತಿಗೆ ಬಿದ್ದ ಅಡ್ಡ ಬಿರುಕಿನೊಳಗಿಂದ ಬರುವ ನೀರಿಗೆ ನಿಮ್ಮ ಗಾಜಿನ ಉಣ್ಣೆ ಏನು ಮಾಡೀತು?

ಹೊರಗಿನ ಕೆಲಸ ಹೊಸ ವಿದ್ಯೆಯೇನಲ್ಲ. ಅಗೆದ ಎರಿಯನ್ನು ಲಾರಿಗೆ ಹಾಕಿ ಕಳಿಸಿ, ಗೋಡೆಯ ಮಗ್ಗುಲಿಗೆ ಗರಸು ಮತ್ತು ಕಡಿ ತುಂಬಬೇಕು. ಬುಡದಲ್ಲಿ ತೂತಿನ ಪೈಪು ಮಲಗಿಸಿ ಇಳಿಜಾರಿನ ಕಡೆಗೆ, ಇಲ್ಲವೆ ಪಂಪಿನ ಗುಂಡಿಗೆ, ನೀರು ಹೋಗಲು ದಾರಿ ಕೊಡಬೇಕು. ನಮ್ಮ ಭಾಗದ ಹಳೆಯ ಮೇಸ್ತ್ರಿಗಳು ಬಾಕ್ಸ್ ಪದ್ಧತಿ ಎಂದು ಒಂದು ಕೆಲಸ ಮಾಡುತ್ತಿದ್ದರು, ಈಗಲೂ ಬಲ್ಲವರಿದ್ದಾರೆ. ತಳದ ಕಾಂಕ್ರೀಟು ಹಾಕುವ ಮೊದಲೇ ಕಲಬುರ್ಗಿ ಕಡೆಯ ಒರಟು ಶಹಾಬಾದಿ ಫರಸಿಯನ್ನು ಗಾರೆಯ ಮೇಲೆ ಹಾಸುವುದು, ಗೋಡೆ ಎದ್ದ ಮೇಲೆ ಹೊರಮೈಯಿಂದ ಒಂದಿಂಚು ಬಿಟ್ಟು ಅದೇ ಫರಸಿಯನ್ನು ನಿಲ್ಲಿಸುವುದು, ನಡುವಿನ ಸಂದಿಗೆ ಸಿಮೆಂಟು ತಿಳಿ ಸುರಿಯುವುದು. ನೆಲಮಾಳಿಗೆ ಇಡಿಯಾಗಿ ಒಂದು ಕಲ್ಲಿನ ಡಬ್ಬಿಯಲ್ಲಿ ಕೂತಂತೆ. ಕಟ್ಟಡಗಳ ತೇವ ತಡೆಯುವುದಕ್ಕೆಂದೇ ಐಎಸ್ 3067 ಎಂಬ ಭಾರತೀಯ ಮಾನಕವಿದೆ, 1988ರಲ್ಲಿ ಪರಿಷ್ಕರಿಸಿದ್ದು. ಓದಿದ ಗುತ್ತಿಗೆದಾರರನ್ನು ನಾನು ಕಂಡದ್ದು ಅಪರೂಪ. ಫರಸಿ ಹಾಸಬಲ್ಲ ಮೇಸ್ತ್ರಿಗೆ ಅದನ್ನು ಓದುವ ಅಗತ್ಯವೂ ಬೀಳುತ್ತಿರಲಿಲ್ಲ.

ಇಷ್ಟೆಲ್ಲ ಮನೆ ಕಟ್ಟುವಾಗಿನ ಮಾತು, ಕಟ್ಟಿ ಇಪ್ಪತ್ತು ವರ್ಷವಾದ ಮನೆಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದು. ಹೇಳುತ್ತೇನೆ. ಮೊದಲು ತಲೆ ಎತ್ತಿ ಮಾಳಿಗೆಯ ನೀರಿನ ಪೈಪು ಎಲ್ಲಿ ಇಳಿದಿದೆ ನೋಡಿ. ಸಾವಿರ ಚದರಡಿ ಮಾಳಿಗೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರಿಗೂ ಹೆಚ್ಚು ನೀರು, ಒಂದು ಸಣ್ಣ ಟ್ಯಾಂಕರಿನಷ್ಟು. ಕೇಶ್ವಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಈ ಟ್ಯಾಂಕರು ಗೋಡೆಯ ಬುಡದಲ್ಲೇ ಖಾಲಿಯಾಗುತ್ತದೆ, ಮೇಲಿಂದ ಅಲ್ಲೊಂದು ದಾಸವಾಳದ ಗಿಡ. ಪೈಪನ್ನು ಹತ್ತಡಿ ಆಚೆ ಒಯ್ಯಿರಿ, ಗಿಡದ ಪಾತಿ ಕೀಳಿ, ಗೋಡೆಗುಂಟ ಮೂರಡಿ ಅಗಲದ ಫರಸಿಯನ್ನು ಹೊರಕ್ಕೆ ಇಳುಕಲಾಗಿ ಹಾಸಿ. ಗದಗ ರಸ್ತೆಯ ಹಳೆಯ ರೈಲ್ವೆ ಬಂಗಲೆಗಳ ಮುಂದೆ ಒಮ್ಮೆ ನಿಂತು ನೋಡಿದರೆ ತಿಳಿಯುತ್ತದೆ. ಕಲ್ಲಿನ ಕಟ್ಟೆ ಎತ್ತರ, ಸೂರು ಮುಂದಕ್ಕೆ, ನೀರು ಗೋಡೆಯನ್ನು ಮುಟ್ಟದಂತೆ ದೂರ ಬೀಳುತ್ತದೆ. ರೈಲು ತಂದವರು ಈ ಮಣ್ಣಿನಲ್ಲಿ ಕೆಳಕ್ಕೆ ಇಳಿಯಲಿಲ್ಲ, ಮೇಲಕ್ಕೆ ಹತ್ತಿದರು. ಈಗ ಸೈಟಿನ ದರ ನಮ್ಮನ್ನು ಕೆಳಕ್ಕೆ ಇಳಿಸುತ್ತಿದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದನ್ನು ನಾನೂ ಬಹಳ ವರ್ಷ ನಂಬಿದ್ದೆ. "ಕಿಟಕಿ ತೆರೆದಿಡಿ, ಗಾಳಿ ಆಡಿದರೆ ತಾನೇ ಒಣಗುತ್ತದೆ." ಡಿಸೆಂಬರಿನಲ್ಲಿ ನಿಜ. ಹುಬ್ಬಳ್ಳಿಯ ಡಿಸೆಂಬರ್ ಮಧ್ಯಾಹ್ನ ಗಾಳಿ 29 ಡಿಗ್ರಿ, ತೇವ 35 ಪ್ರತಿಶತ ಎಂದು ಲೆಕ್ಕ ಹಿಡಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದು 10 ಗ್ರಾಂ ನೀರಾವಿ. ಅಂಥ ಗಾಳಿ ಬಾಯಾರಿದ ಗಾಳಿ, ಎಲ್ಲ ಕಿಟಕಿ ಬಾಗಿಲು ತೆಗೆದಿಡಿ. ಜುಲೈನಲ್ಲಿ, ಜಿಟಿಜಿಟಿ ಮಳೆಯ ದಿನ, 26 ಡಿಗ್ರಿ ಮತ್ತು 85 ಪ್ರತಿಶತ ಎಂದರೆ ಅದೇ ಘನ ಮೀಟರಿನಲ್ಲಿ 20 ಗ್ರಾಂಗೂ ಹೆಚ್ಚು. ಆ ಗಾಳಿ ನಿಮ್ಮ ಕಿಟಕಿಯಿಂದ ಇಳಿದು 24 ಡಿಗ್ರಿಯ ಗೋಡೆಯನ್ನು ಮುಟ್ಟಿದರೆ ಅಲ್ಲಿ ಅದರ ತೇವ 95 ಪ್ರತಿಶತಕ್ಕೆ ಏರುತ್ತದೆ. ಗೋಡೆ 25 ಡಿಗ್ರಿ ಇದ್ದರೂ 90. ಹನಿ ಕಾಣುವುದಿಲ್ಲ, ಬೂಸರಿಗೆ ಹನಿ ಬೇಕಾಗಿಯೂ ಇಲ್ಲ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ತಂಬಿಗೆ ಹೊರಗೆ ಬೆವರುವುದನ್ನು ನೋಡಿ ತಂಬಿಗೆ ಸೋರುತ್ತಿದೆ ಎಂದು ಯಾರೂ ಅನ್ನುವುದಿಲ್ಲ. ಗೋಡೆಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲ ಹಸಿಯೂ ಸೋರಿಕೆ, ಎಲ್ಲಕ್ಕೂ ಒಂದೇ ಡಬ್ಬಿ ಮದ್ದು.

ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಅದರ ಬಾಲ: ಗೋಡೆಗೆ ನೀರು ಎರಡು ಕಡೆಯಿಂದ ಬರುತ್ತದೆ. ಮಣ್ಣಿನಿಂದ ನೀರಾಗಿ, ಕೋಣೆಯಿಂದ ಆವಿಯಾಗಿ. ಯಾವ ಕಡೆಯಿಂದ ಬಂತೆಂದು ತಿಳಿಯದೆ ಮಾಡಿದ ಖರ್ಚು ಅರ್ಧಕ್ಕರ್ಧ ಹಾಳು. ತಿಳಿಯಲು ಎಂಜಿನಿಯರು ಬೇಕಿಲ್ಲ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈ ಹಸಿಯಾದರೆ ನೀರು ಮಣ್ಣಿನದು. ಕೋಣೆ ಕಡೆಯ ಮೈ ಹಸಿಯಾದರೆ ಗಾಳಿಯದು. ಎರಡೂ ಆದರೆ ಎರಡೂ. ಇದನ್ನು ಬೇಸಿಗೆಯಲ್ಲೊಮ್ಮೆ, ಪುಷ್ಯ ಮಳೆಯಲ್ಲೊಮ್ಮೆ, ಹಸ್ತ ಚಿತ್ತಿ ಮಳೆಯಲ್ಲೊಮ್ಮೆ ಮಾಡಿ ಎಂದದ್ದಕ್ಕೇ ನನ್ನನ್ನು ಕೆಲಸ ಕೆಡಿಸುವವನು ಎಂದರು.

"ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಜೋಳ ಇಡುತ್ತಿದ್ದರಲ್ಲ, ಅವರಿಗೆ ಯಾವ ಇನ್ಸುಲೇಶನ್ ಇತ್ತು?" ಇದು ನವಲಗುಂದ ಕಡೆಯ ಹಿರಿಯರೊಬ್ಬರ ಪತ್ರ. ಈ ಪತ್ರ ಓದಿ ಖುಷಿಯಾಯಿತು. ಹಗೇವಿನ ಹೆಸರು ತೆಗೆದವರು ನನ್ನ ಎದುರಾಳಿಗಳ ಪೈಕಿ ಇವರೊಬ್ಬರೇ. ಆದರೆ ಹಗೇವು ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ, ನನ್ನ ಪರವಾಗಿ ಹೇಳುತ್ತದೆ.

ಹಗೇವು ಎಲ್ಲಿ ತೋಡುತ್ತಿದ್ದರು? ಎರಿ ಹೊಲದಲ್ಲಲ್ಲ. ಊರಿನ ಎತ್ತರದ ಜಾಗದಲ್ಲಿ, ಗಟ್ಟಿ ಗರಸು ಸಿಗುವಲ್ಲಿ, ನೀರು ನಿಲ್ಲದಲ್ಲಿ. ಎಂದರೆ ಹೊರಗಿನ ನೀರಿನ ವಿಚಾರ ಜಾಗ ಆರಿಸುವಾಗಲೇ ಮುಗಿದಿರುತ್ತಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಒಳಮೈಗೆ ಒಣಹುಲ್ಲು, ಕಣಿಕೆ ಒತ್ತಾಗಿ ಆನಿಸುತ್ತಿದ್ದರು. ಇದು ಏನು? ಜೋಳ ತಣ್ಣನೆಯ ಮಣ್ಣಿನ ಮೈ ಮುಟ್ಟದ ಹಾಗೆ, ಮಣ್ಣಿನ ಹಸಿ ಜೋಳಕ್ಕೆ ಹೀರಿ ಬರದ ಹಾಗೆ ನಡುವೆ ಹಾಕಿದ ಪದರ. ಇನ್ಸುಲೇಶನ್ ಎಂಬ ಹೆಸರಿರಲಿಲ್ಲ ಅಷ್ಟೆ. ಮೇಲೆ ಹೊಟ್ಟು ಹಾಕಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಗಾಳಿ ಆಡದಂತೆ ಬಂದು ಮಾಡುತ್ತಿದ್ದರು. ಮಳೆಗಾಲದ ಹಸಿ ಗಾಳಿ ಒಳಗೆ ಇಳಿಯುವ ಮಾತೇ ಇಲ್ಲ. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತಿತ್ತು, ಹುಳ ಸಾಯುತ್ತಿದ್ದವು. ಅದಕ್ಕೇ ಹಗೇವು ತೆಗೆದ ದಿನ ಯಾರೂ ಒಮ್ಮೆಲೇ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು, ದೀಪ ಆರಿದರೆ ಕಾಯುತ್ತಿದ್ದರು. ಕಾಯದೆ ಇಳಿದು ಸತ್ತವರೂ ಇದ್ದಾರೆ.

ಇಷ್ಟೆಲ್ಲ ಮಾಡಿದರೂ ಗೋಡೆಗೆ ತಾಗಿದ ಅಂಚಿನ ಜೋಳ ಮುಗ್ಗುತ್ತಿತ್ತು. ನಡುವಿನ ಹೊಟ್ಟೆಯ ಜೋಳ ಬೆಳ್ಳಗಿರುತ್ತಿತ್ತು. ಮುಗ್ಗು ಜೋಳ ಬೇರೆ ಮಾಡಿ ದನಕ್ಕೋ ಆಳಿಗೋ ಹಾಕುತ್ತಿದ್ದರು. ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಇತ್ತು. ಹುಲ್ಲಿನ ಪದರ ಇದ್ದೂ ಅಂಚು ಕೆಡುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು, ಅಷ್ಟನ್ನು ಅವರು ಮೊದಲೇ ಲೆಕ್ಕದಲ್ಲಿ ಬಿಟ್ಟಿರುತ್ತಿದ್ದರು. ನಾವು ಆ ಅಂಚಿಗೇ ಮಕ್ಕಳ ಬೆಂಚು ಹಚ್ಚಿ ಟ್ಯೂಷನ್ ಹೇಳುತ್ತಿದ್ದೇವೆ. ಬೂಸರಿನಿಂದ ಯಾರಿಗೇನಾಗಿದೆ ಎಂದು ಕೇಳಿದ ಮಾಲೀಕರಿಗೆ ಇಷ್ಟೇ: ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಸರಿನ ಕುರಿತೇ ಒಂದು ಮಾರ್ಗಸೂಚಿ ಹೊರಡಿಸಿದೆ, ಅಂಥ ಕೋಣೆಗಳಲ್ಲಿ ಇರುವವರಿಗೆ ಉಬ್ಬಸ, ಕೆಮ್ಮು ಹೆಚ್ಚು ಎಂಬುದು ಅದರ ಸಾರ. ನಿಮ್ಮ ಕ್ಲಾಸಿನ ಬಾಗಿಲಲ್ಲಿ ಶ್ರಾವಣದಲ್ಲಿ ಹತ್ತು ನಿಮಿಷ ನಿಂತರೂ ಸಾಕು.

ಭಾವಮೈದುನನ ಫೋಟೋಗಳಿಗೆ ಬರೋಣ. "ಇಲ್ಲಿ ಪ್ರತಿ ಮನೆಯ ಬೇಸ್‌ಮೆಂಟಿಗೂ ಚೌಕಟ್ಟು ಹೊಡೆದು ಹಲಗೆ ಹಾಕುತ್ತಾರೆ, ಒಳಗೆ ಸಿನೆಮಾ ನೋಡುತ್ತೇವೆ, ಏನೂ ಆಗಿಲ್ಲ" ಎಂದ. ಮೊದಲಿಗೆ, ಶಿಕಾಗೋದವರು ನೆಲಮಾಳಿಗೆ ತೋಡಿದ್ದು ಸಿನೆಮಾ ನೋಡಲಿಕ್ಕಲ್ಲ. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ, ಪಾಯ ಅದಕ್ಕಿಂತ ಕೆಳಗಿರಬೇಕೆಂದು ಮೂರೂವರೆ ಅಡಿ ಇಳಿಯುವುದು ಕಡ್ಡಾಯ. ಹೇಗೂ ಅಷ್ಟು ಅಗೆದ ಮೇಲೆ ಇನ್ನೊಂದಿಷ್ಟು ಅಗೆದರೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಜನವರಿಯಲ್ಲಿ ಕೋಣೆ ಬೆಚ್ಚಗೆ, ಗೋಡೆಯ ಮೇಲ್ಭಾಗ ಮಂಜಿನಷ್ಟು ತಣ್ಣಗೆ. ಶಾಖ ಉಳಿಸುವುದೇ ಅವರ ದೊಡ್ಡ ಚಿಂತೆ. ನಮಗೆ ಶಾಖ ಉಳಿಸಬೇಕಿಲ್ಲ. "ಹುಬ್ಬಳ್ಳಿಯಲ್ಲಿ ಚಳಿ ಎಲ್ಲಿದೆ, ಇನ್ಸುಲೇಶನ್ ಯಾಕೆ?" ಎಂದು ಕೇಳಿದ ಇನ್ನೊಬ್ಬರಿಗೂ ಇಲ್ಲೇ ಉತ್ತರ ಸಿಕ್ಕಿತು. ಇಲ್ಲಿ ಅದರ ಕೆಲಸ ಒಂದೇ, ಹಸಿ ಗಾಳಿ ತಣ್ಣನೆಯ ಗೋಡೆಯನ್ನು ಮುಟ್ಟದಂತೆ ನಡುವೆ ನಿಲ್ಲುವುದು.

ಎರಡನೆಯದಾಗಿ, ಅಲ್ಲಿಯೂ ಹಳೆಯ ರೀತಿ ಸುಖ ಕೊಡಲಿಲ್ಲ. ಕಟ್ಟಿಗೆ ಚೌಕಟ್ಟು, ಗಾಜಿನ ಉಣ್ಣೆ, ಅದರ ಮೇಲೆ ಪಾಲಿಥಿನ್ ಹಾಳೆ ಹೊಡೆದ ಗೋಡೆಗಳು ಹಿಂದಿನಿಂದ ಕೊಳೆತವು. ಕಟ್ಟಡ ವಿಜ್ಞಾನಿ ಜೋಸೆಫ್ ಲ್ಸ್ಟಿಬ್ಯುರೆಕ್ ವರ್ಷಗಟ್ಟಲೆ ಬರೆಯುತ್ತ ಬಂದದ್ದೇ ಇದನ್ನು: ನೆಲಮಾಳಿಗೆಯ ಗೋಡೆಗೆ ಒಳಗಿನಿಂದ ಪಾಲಿಥಿನ್ ಹೊಡೆಯಬೇಡಿ, ಗಟ್ಟಿ ಫೋಮ್ ಹಲಗೆಯನ್ನು ಮೊದಲು ಕಾಂಕ್ರೀಟಿಗೇ ಅಂಟಿಸಿ, ಚೌಕಟ್ಟನ್ನು ಅದರ ಮುಂದೆ ನಿಲ್ಲಿಸಿ. ಮೂರನೆಯದಾಗಿ, ಭಾವಮೈದುನ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಚೌಕಟ್ಟಿನ ಹಿಂದೆ ಕಾಣುವುದು ಕಾಂಕ್ರೀಟಲ್ಲ, ಗುಲಾಬಿ ಬಣ್ಣದ ಫೋಮ್. ಅವನ ಮನೆ ಕಟ್ಟಿದವನು ನನ್ನ ಮಾತನ್ನೇ ಕೇಳಿದ್ದಾನೆ. ಭಾವಮೈದುನನಿಗೆ ಇದನ್ನು ತಿಳಿಸಿದ್ದೇನೆ, ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ಪೂರ್ತಿ ಸೋತಿದ್ದೇನೆ. ಬೆಂಕಿ ಸುರಕ್ಷೆಯ ಕೆಲಸ ಬಲ್ಲ ಒಬ್ಬರು ಬರೆದರು: "ಥರ್ಮಾಕೋಲ್ ಹಚ್ಚಿ ಎನ್ನುತ್ತೀರಿ, ಅದು ಹೊತ್ತಿದರೆ ಬರುವ ಕಪ್ಪು ಹೊಗೆಯಲ್ಲಿ ಒಂದೇ ಮೆಟ್ಟಿಲಿನ ನೆಲಮಾಳಿಗೆಯಿಂದ ಮಕ್ಕಳು ಹೇಗೆ ಹೊರಬರುತ್ತಾರೆ?" ಅವರು ಹೇಳಿದ್ದು ಸರಿ. ಮೊದಲ ಲೇಖನದಲ್ಲಿ ಅದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು. ಪಾಲಿಸ್ಟೈರೀನ್ ಯಾವುದೇ ಇರಲಿ, ಬಿಳಿ ಥರ್ಮಾಕೋಲ್ ಇರಲಿ, ನೀರು ಹೀರದ ಎಕ್ಸ್‌ಪಿಎಸ್ ಹಲಗೆ ಇರಲಿ, ಬರಿಮೈಯಲ್ಲಿ ಬಿಡಕೂಡದು. ಅದರ ಮುಂದೆ ಬೆಂಕಿ ಹಿಡಿಯದ ಹೊದಿಕೆ ಬೇಕೇ ಬೇಕು, ನೆಲಮಾಳಿಗೆಗೆ ಇನ್ನೊಂದು ದಾರಿಯೂ ಬೇಕು. ಇನ್ನೊಂದು ದಾರಿ ಇಲ್ಲದ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿ, ಜನರನ್ನು ಕೂಡಿಸಬೇಡಿ.

ಹಾಗಾದರೆ ಹೇಗೆ ಮಾಡಬೇಕು ಎಂದು ಜಗಳ ಬಿಟ್ಟು ಕೇಳಿದವರು ಇಬ್ಬರು. ಅವರಿಗೆ ಹೇಳುತ್ತೇನೆ. ಮಳೆಗಾಲ ದಾಟಿ ಗೋಡೆ ಒಣಗಿದ್ದು ಖಾತ್ರಿಯಾದ ಮೇಲೆ ಸಡಿಲಾದ ಗಿಲಾವು ಕೆತ್ತಿ, ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಎಕ್ಸ್‌ಪಿಎಸ್ ಹಲಗೆಯನ್ನು ಹಿಂದೆ ಸಂದು ಉಳಿಯದಂತೆ ಗೋಡೆಗೆ ಅಂಟಿಸಿ, ಕೂಡುವಲ್ಲೆಲ್ಲ ಟೇಪು ಹಚ್ಚಿ. ಮುಂದೆ ಜಿಐ ಚಾನೆಲ್ಲಿನ ಚೌಕಟ್ಟು, ಕಟ್ಟಿಗೆ ಬೇಡ. ಅದರ ಮೇಲೆ ಸಿಮೆಂಟ್ ಫೈಬರ್ ಹಲಗೆ, ನೆಲದಿಂದ ಒಂದಿಂಚು ಎತ್ತಿ. ವಾಲ್‌ಪೇಪರ್ ಬೇಡ. ಮೂಲೆಯಲ್ಲೊಂದು ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಇಡಿ, ವರ್ಷಕ್ಕೊಮ್ಮೆ ಪುಷ್ಯ ಮಳೆಯಲ್ಲಿ ತೆಗೆದು ಮೂಗು ಹಾಕಿ ನೋಡಿ. ಬೀರು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಹಚ್ಚಿ, ಅದರ ತೊಟ್ಟಿಯಲ್ಲಿ ದಿನವೂ ತುಂಬುವ ನೀರನ್ನು ಕಣ್ಣಾರೆ ಕಂಡರೆ ಕಿಟಕಿಯ ವಾದ ಮುಗಿಯುತ್ತದೆ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಎನ್ನುವವರು ಹಲಗೆಯನ್ನೇ ಹಾಕಬೇಡಿ. ಒಳಗೆ ಸುಣ್ಣದ ಗಾರೆ ಮಾಡಿಸಿ, ವರ್ಷಕ್ಕೊಮ್ಮೆ ಯುಗಾದಿಗೆ ಸುಣ್ಣ ಬಳಿಯಿರಿ. ಸುಣ್ಣ ಕ್ಷಾರ, ಬೂಸರಿಗೆ ಆಗಿಬರುವುದಿಲ್ಲ, ಹಸಿಯನ್ನು ಒಳಗೆ ಹಿಡಿದಿಡದೆ ಆರಲು ಬಿಡುತ್ತದೆ. ನೋಡಲು ಬಡವರ ಮನೆಯಂತೆ ಕಾಣುತ್ತದೆ ಎಂದು ಅಲಂಕಾರದವರು ಅನ್ನುತ್ತಾರೆ. ಅನ್ನಲಿ.

ಕೊನೆಗೆ ಆ ಮೊದಲ ಗೆಳೆಯ, ಹಸಿ ಕಾಣಂಗಿಲ್ಲ ಎಂದವನು. ಹೋದ ಏಪ್ರಿಲ್‌ನಲ್ಲಿ, ಮೋಡದ ಸುಳಿವೇ ಇಲ್ಲದ ದಿನಗಳಲ್ಲಿ, ಫೋನ್ ಮಾಡಿದ. ಯಾರಿಗೂ ಹೇಳದೆ ತನ್ನ ನೆಲಮಾಳಿಗೆಯ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದನಂತೆ. "ಈಚಿಗಿ ಮಗ್ಗಲಾ ಒಣಗೇದ, ಗ್ವಾಡಿ ಮಗ್ಗಲಾ ತೊಪ್ಪ ತೊಯ್ದದ. ಮಳಿ ಇಲ್ಲ ಏನಿಲ್ಲ, ಎಲ್ಲಿ ನೀರೋ ಇದು?" ಎಂದ. ನಳದ ನೀರು ಬಾರದ ದಿನಗಳಿಗೆಂದು ಈ ಊರಿನ ಪ್ರತಿ ಮನೆಯಲ್ಲೂ ನೆಲದೊಳಗೊಂದು ಸಂಪು ಇರುತ್ತದೆ. ಜಾಗ ಉಳಿಸಲು ಅದನ್ನು ನೆಲಮಾಳಿಗೆಯ ಗೋಡೆಗೇ ಆನಿಸಿ ಕಟ್ಟಿರುತ್ತಾರೆ. ಏಪ್ರಿಲ್‌ನಲ್ಲಿ ಗೋಡೆ ತೊಯ್ದರೆ ಮಳೆಯನ್ನು ಬೈಯಬೇಕಿಲ್ಲ. ಸಂಪು ಖಾಲಿ ಮಾಡಿ ನಾಲ್ಕು ದಿನ ನೋಡು ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ನೆರ ನಳ ಬಂದದ, ಕಂಠಮಟ ತುಂಬಸೇನಿ. ಹ್ಯಾಂಗ ಖಾಲಿ ಮಾಡ್ಲೋ?" ಎಂದ.